ಗುಂಡಿ ಒತ್ತಿದ ಮೇಲೆ ಏನಾಗುತ್ತದೆ?



ದೂರದರ್ಶನದ ಮಾತುಕತೆಗೆ ಸಮಯ ಯಾವಾಗಲೂ ಕಡಿಮೆ. ಅತಿಥಿಗಳು ವಿಷಯದ ಒಳಕ್ಕೆ ಇಳಿಯುವ ಹೊತ್ತಿಗೆ ನಾನು ಕ್ಯಾಮೆರಾದ ಹಿಂದೆ ನಿಂತು ಕೈಗಡಿಯಾರ ತೋರಿಸಬೇಕಾಗುತ್ತದೆ. ಹಾಗೆ ಅರ್ಧಕ್ಕೆ ನಿಂತ ಪ್ರಶ್ನೆಗಳಿಗೆ ಈ ಪುಟಗಳಲ್ಲಿ ಉತ್ತರ ಹುಡುಕುವುದು ನಮ್ಮ ರೂಢಿ. ಈ ಸಲದ ಪ್ರಶ್ನೆ ಚಿಂಚೋಳಿ ತಾಲ್ಲೂಕಿನ ಒಬ್ಬ ವಿದ್ಯಾರ್ಥಿನಿಯದು. ಆಕೆಯ ಪತ್ರದ ಸಾರಾಂಶ ಇಷ್ಟು: “ಸರ್, ಡಿಗ್ರಿಯಲ್ಲಿ ಅಂತರಜಾಲದ ಅನ್ವಯಗಳನ್ನು ತಯಾರಿಸುವ ವಿಷಯ ಇದೆ ಎನ್ನುತ್ತಾರೆ. ಅದರಲ್ಲಿ ಏನು ಕಲಿಸುತ್ತಾರೆ? ನಮ್ಮ ತಂದೆ ತೊಗರಿ ಬೆಳೆಯುತ್ತಾರೆ. ನಾನು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದವಳು. ಇದು ಬೆಂಗಳೂರಿಗೆ ಹೋಗುವವರಿಗೆ ಮಾತ್ರ ಇರುವ ವಿದ್ಯೆಯೆ?”

ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಎರಡನೆಯದು ಸುಲಭವಾಗುತ್ತದೆ. ಆದ್ದರಿಂದ ಮೊದಲು ಪಠ್ಯವನ್ನೇ ನೋಡೋಣ.

ಹೆಸರು ಬದಲಾಗುವ ವಿಷಯ

ಕಲಬುರಗಿ ಸೀಮೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಓದಿದ್ದು ಬೆಳಗಾವಿಯಲ್ಲಿ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯವನ್ನು. ಅಲ್ಲಿ 2010ರ ಪಠ್ಯಕ್ರಮದಲ್ಲಿ ಈ ವಿಷಯದ ಹೆಸರು ‘ಪ್ರೋಗ್ರಾಮಿಂಗ್ ದಿ ವೆಬ್’ ಎಂದಿತ್ತು. ಆಗ ಪರ್ಲ್, ಪಿ.ಎಚ್.ಪಿ., ರೂಬಿ ಎಂಬ ಭಾಷೆಗಳನ್ನು ಹೇಳಿಕೊಡುತ್ತಿದ್ದರು. 2015ರ ಪಠ್ಯಕ್ರಮ ಬಂದಾಗ ಹೆಸರು ‘ವೆಬ್ ಟೆಕ್ನಾಲಜಿ ಅಂಡ್ ಇಟ್ಸ್ ಅಪ್ಲಿಕೇಷನ್ಸ್’ ಎಂದಾಯಿತು. ಪರ್ಲ್, ರೂಬಿ ಹೋದವು, ಪಿ.ಎಚ್.ಪಿ. ಉಳಿಯಿತು. 2021ರ ಪಠ್ಯಕ್ರಮದಲ್ಲಿ ‘ಫುಲ್ ಸ್ಟ್ಯಾಕ್ ಡೆವಲಪ್‌ಮೆಂಟ್’ ಎಂಬ ಹೆಸರು ಬಂತು. ಪೈಥಾನ್ ಭಾಷೆಯಲ್ಲಿ ಬರೆದ ಜ್ಯಾಂಗೊ ಎಂಬ ಸಲಕರಣೆ ಒಳಗೆ ಬಂತು. ಬಿ.ಸಿ.ಎ. ಮತ್ತು ಬಿ.ಎಸ್ಸಿ. ತರಗತಿಗಳಲ್ಲೂ ಇದೇ ವಿಷಯವನ್ನು ಬೇರೆ ಬೇರೆ ಹೆಸರುಗಳಿಂದ ಕಲಿಸುತ್ತಾರೆ.

ಹತ್ತು ಹನ್ನೊಂದು ವರ್ಷಗಳಲ್ಲಿ ಮೂರು ಹೆಸರು! ಹಾಗಾದರೆ ಕಲಿತದ್ದೆಲ್ಲ ಬೇಗ ಹಳತಾಗುವುದಿಲ್ಲವೆ ಎಂದು ನೀವು ಕೇಳಬಹುದು. ಸಲಕರಣೆ ಹಳತಾಗುತ್ತದೆ, ನಿಜ. ಆದರೆ ಮೂರೂ ಪಠ್ಯಗಳ ತಳದಲ್ಲಿರುವ ಪ್ರಶ್ನೆ ಒಂದೇ: ಒಬ್ಬ ವ್ಯಕ್ತಿ ತೆರೆಯ ಮೇಲಿನ ಗುಂಡಿ ಒತ್ತಿದ ಕ್ಷಣದಿಂದ, ದೂರದ ಗಣಕಯಂತ್ರದಲ್ಲಿ ಅವನ ಮಾತು ದಾಖಲಾಗುವ ಕ್ಷಣದವರೆಗೆ ಏನೇನು ನಡೆಯುತ್ತದೆ, ಅದರಲ್ಲಿ ಏನೇನು ಕೆಡಬಹುದು? ಕೆಡುವುದನ್ನು ಮೊದಲೇ ಊಹಿಸಿ ಅದಕ್ಕೆ ಸಿದ್ಧರಾಗುವುದೇ ಈ ವಿಷಯದ ತಿರುಳು. ಭಾಷೆ ಪರ್ಲ್ ಇರಲಿ, ಪೈಥಾನ್ ಇರಲಿ, ಈ ಪಾಠ ಬದಲಾಗುವುದಿಲ್ಲ.

ತೊಗರಿಯ ಟೆಂಡರು

ಪತ್ರ ಬರೆದವರ ಮನೆಯ ಬೆಳೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳು ತೊಗರಿಯ ನಾಡು. ಗುಲ್ಬರ್ಗಾ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ದೊರೆಯಿತು. ರೈತ ತನ್ನ ತೊಗರಿಯನ್ನು ಎ.ಪಿ.ಎಂ.ಸಿ. ಅಂಗಳಕ್ಕೆ ತಂದಾಗ ಅದಕ್ಕೊಂದು ಲಾಟಿನ ಸಂಖ್ಯೆ ಬೀಳುತ್ತದೆ. ಹಿಂದೆ ವರ್ತಕರು ಒಂದೊಂದು ಲಾಟಿಗೂ ತಮ್ಮ ದರವನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುತ್ತಿದ್ದರು. ಚೀಟಿಗಳನ್ನು ಬಿಚ್ಚಿ, ಹೆಚ್ಚಿನ ದರ ಯಾರದೆಂದು ಸಾರುತ್ತಿದ್ದರು.

2014ರಲ್ಲಿ ಕರ್ನಾಟಕ ಸರಕಾರ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿ ಈ ಚೀಟಿಯನ್ನು ಗಣಕಕ್ಕೆ ತಂದಿತು. ವರ್ತಕ ತನ್ನ ಅಂಗಡಿಯಲ್ಲೇ ಕುಳಿತು ದರ ನಮೂದಿಸುವುದು, ಗೊತ್ತಾದ ಹೊತ್ತಿಗೆ ಟೆಂಡರು ಮುಚ್ಚುವುದು, ಗಣಕವೇ ಹೆಚ್ಚಿನ ದರವನ್ನು ಆರಿಸುವುದು, ದರ ಒಪ್ಪಿಗೆಯಾಗದಿದ್ದರೆ ರೈತ ಬೇಡವೆನ್ನುವುದು, ಇವು ಅದರ ಮುಖ್ಯ ಹೆಜ್ಜೆಗಳು. 2016ರ ಏಪ್ರಿಲ್ 14ರಂದು ಕೇಂದ್ರ ಸರಕಾರವೂ ಇ-ನಾಮ್ ಎಂಬ ಹೆಸರಿನಲ್ಲಿ ಇಂಥದೇ ರಾಷ್ಟ್ರೀಯ ವೇದಿಕೆಯನ್ನು ತೆರೆಯಿತು.

ಇದು ಅಂತರಜಾಲ ಅನ್ವಯಕ್ಕೆ ಒಳ್ಳೆಯ ಮಾದರಿ. ಇದರಲ್ಲಿ ಒಂದು ತಪ್ಪಾದರೆ ನಷ್ಟ ಯಾರಿಗೆ? ವರ್ಷವಿಡೀ ಮಳೆಗೆ ಕಾದು ಬೆಳೆದ ರೈತನಿಗೆ. ಈಗ ಇಂಥದೊಂದು ಟೆಂಡರಿನ ಅನ್ವಯವನ್ನು ನಾವೇ ಮಾಡಬೇಕಾಗಿದೆ ಎಂದು ಭಾವಿಸಿ, ಪಠ್ಯದ ಅಧ್ಯಾಯಗಳನ್ನು ಒಂದೊಂದಾಗಿ ದಾಟೋಣ.

ವಾಡಿ ಜಂಕ್ಷನ್ನಿನ ಪಾಠ

ವರ್ತಕ ಸೇಡಂನಲ್ಲಿ ಕುಳಿತು ದರ ಕಳಿಸಿದ. ಅದು ಬೆಂಗಳೂರಿನ ಗಣಕವನ್ನು ಹೇಗೆ ಮುಟ್ಟುತ್ತದೆ? ಇದಕ್ಕೆ ವಾಡಿ ರೈಲು ನಿಲ್ದಾಣವನ್ನು ನೆನೆಯಿರಿ. ಅಲ್ಲಿ ಮೂರು ದಿಕ್ಕಿನ ಹಳಿಗಳು ಕೂಡುತ್ತವೆ: ಶಹಾಬಾದ್, ಕಲಬುರಗಿ ಮೂಲಕ ಸೊಲ್ಲಾಪುರದ ಕಡೆಗೆ ಒಂದು, ಯಾದಗಿರಿ, ರಾಯಚೂರು ಮೂಲಕ ಗುಂತಕಲ್ಲಿನ ಕಡೆಗೆ ಒಂದು, ಚಿತ್ತಾಪುರ, ಸೇಡಂ, ತಾಂಡೂರು ಮೂಲಕ ಸಿಕಂದರಾಬಾದಿಗೆ ಮತ್ತೊಂದು. ಕೊನೆಯದು ನಿಜಾಮರ ಕಾಲದಲ್ಲಿ, 1874ರಲ್ಲಿ ತೆರೆದ ಹಾದಿ. ವಾಡಿಯಲ್ಲಿ ಗಾಡಿಯನ್ನು ಸರಿಯಾದ ಹಳಿಗೆ ತಿರುಗಿಸುವವರು ವ್ಯಾಗನ್ನಿನೊಳಗೆ ಸಿಮೆಂಟಿದೆಯೋ ಕಲ್ಲಿದೆಯೋ ಎಂದು ಬಿಚ್ಚಿ ನೋಡಬೇಕಾಗಿಲ್ಲ. ಎಲ್ಲಿಗೆ ಹೋಗಬೇಕೆಂಬುದು ಗೊತ್ತಿದ್ದರೆ ಸಾಕು.

ಅಂತರಜಾಲದಲ್ಲಿ ಈ ಕೆಲಸ ಮಾಡುವ ಯಂತ್ರಕ್ಕೆ ರೂಟರ್ ಎಂದು ಹೆಸರು. ಆದರೆ ಒಂದು ವ್ಯತ್ಯಾಸವುಂಟು. ಗೂಡ್ಸ್ ಗಾಡಿ ಇಡಿಯಾಗಿ ಹೋಗುತ್ತದೆ. ಅಂತರಜಾಲದಲ್ಲಿ ಸಂದೇಶವನ್ನು ಸಾಮಾನ್ಯವಾಗಿ 1,500 ಬೈಟ್ ಮೀರದ ಪೊಟ್ಟಣಗಳಾಗಿ ಒಡೆಯುತ್ತಾರೆ. ಪ್ರತಿ ಪೊಟ್ಟಣದ ಮೇಲೂ ಮುಟ್ಟಬೇಕಾದ ವಿಳಾಸವಿರುತ್ತದೆ, ಕ್ರಮಸಂಖ್ಯೆ ಮಾತ್ರ ಬೇರೆ ಬೇರೆ. ಒಂದು ರಾಯಚೂರಿನ ಹಾದಿ ಹಿಡಿದಂತೆ, ಇನ್ನೊಂದು ಸಿಕಂದರಾಬಾದಿನ ಹಾದಿ ಹಿಡಿದಂತೆ ಅವು ಬೇರೆ ಬೇರೆ ದಾರಿಯಲ್ಲೂ ಹೋಗಬಹುದು. ಕೆಲವು ದಾರಿಯಲ್ಲೇ ಕಳೆದುಹೋಗಲೂಬಹುದು. ಮುಟ್ಟಿದ ಕಡೆ ಅವುಗಳನ್ನು ಕ್ರಮವಾಗಿ ಜೋಡಿಸಿ, ಬಾರದವುಗಳನ್ನು ಮತ್ತೆ ತರಿಸಿಕೊಳ್ಳುವ ನಿಯಮಗಳ ಕಟ್ಟಿಗೆ ಟಿ.ಸಿ.ಪಿ. ಎನ್ನುತ್ತಾರೆ.

ಚಿಂಚೋಳಿ ಪಟ್ಟಣಕ್ಕೆ ರೈಲು ಇಲ್ಲ. ಅಲ್ಲಿಯವರು ತಾಂಡೂರಿಗೋ ಸೇಡಂಗೋ ಬಸ್ಸಿನಲ್ಲಿ ಹೋಗಿ ಗಾಡಿ ಹಿಡಿಯಬೇಕು. ಅಂತರಜಾಲದಲ್ಲೂ ಹೀಗೆಯೇ: ದೊಡ್ಡ ಹಾದಿ ಎಷ್ಟೇ ವೇಗವಾಗಿದ್ದರೂ ಟವರಿನಿಂದ ಮೊಬೈಲಿಗೆ ಬರುವ ಕೊನೆಯ ತುಂಡು ನಿಧಾನವಾದರೆ ಎಲ್ಲವೂ ನಿಧಾನ. ಇಲ್ಲೊಂದು ಚಿಕ್ಕ ಲೆಕ್ಕ ಮಾಡಿ. ಪುಟದಲ್ಲಿ 2 ಮೆಗಾಬೈಟಿನ ಅಲಂಕಾರದ ಚಿತ್ರವೊಂದಿದೆ. ಒಂದು ಬೈಟಿಗೆ 8 ಬಿಟ್; ಆದ್ದರಿಂದ ಅದು 16 ಮೆಗಾಬಿಟ್. ಸೆಕೆಂಡಿಗೆ 20 ಮೆಗಾಬಿಟ್ ಹರಿಯುವ ಕಡೆ ಅದು ಒಂದು ಸೆಕೆಂಡಿನೊಳಗೆ ಬರುತ್ತದೆ. ಅರ್ಧ ಮೆಗಾಬಿಟ್ ಹರಿಯುವ ಕಡೆ 32 ಸೆಕೆಂಡು ಬೇಕು. ನಗರದ ಕೊಠಡಿಯಲ್ಲಿ ಕುಳಿತು ಪುಟ ರಚಿಸಿದವನಿಗೆ ಆ 32 ಸೆಕೆಂಡು ಕಾಣುವುದೇ ಇಲ್ಲ. ಚಿಂಚೋಳಿಯ ವಿದ್ಯಾರ್ಥಿನಿಗೆ ಅದು ಚೆನ್ನಾಗಿ ಗೊತ್ತು.

ಪುಟದ ಮೂರು ಪದರು

ವರ್ತಕನ ಎದುರಿಗಿರುವ ಪುಟ ಮೂರು ಪದರುಗಳಿಂದ ಆಗಿದೆ. ಮನೆ ಕಟ್ಟುವುದಕ್ಕೆ ಹೋಲಿಸಿದರೆ, ಇಲ್ಲಿ ಕೋಣೆ, ಅಲ್ಲಿ ಬಾಗಿಲು ಎಂದು ರಚನೆಯನ್ನು ಹೇಳುವುದು ಎಚ್.ಟಿ.ಎಂ.ಎಲ್. ನೆಲಕ್ಕೆ ಶಹಾಬಾದ್ ಕಲ್ಲೋ, ಅದಕ್ಕೆ ಪಾಲಿಶ್ ಬೇಕೋ, ಗೋಡೆಗೆ ಯಾವ ಬಣ್ಣ ಎಂದು ಅಂದವನ್ನು ಹೇಳುವುದು ಸಿ.ಎಸ್.ಎಸ್. ಕದ ತಟ್ಟಿದರೆ ತೆರೆಯುವಂತೆ, ಗುಂಡಿ ಒತ್ತಿದರೆ ಉತ್ತರಿಸುವಂತೆ ಚಲನೆ ಕೊಡುವುದು ಜಾವಾಸ್ಕ್ರಿಪ್ಟ್.

ಮೊದಲನೆಯದು ಬಂದದ್ದು ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರಿಂದ. ಭೌತವಿಜ್ಞಾನಿಗಳು ದಾಖಲೆ ಹಂಚಿಕೊಳ್ಳಲೆಂದು ಅವರು 1989ರಲ್ಲಿ ಪ್ರಸ್ತಾಪ ಮುಂದಿಟ್ಟರು. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಸಾರಿತು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿ.ಎಸ್.ಎನ್.ಎಲ್. ಮೂಲಕ. ಜಾವಾಸ್ಕ್ರಿಪ್ಟ್ ಮತ್ತು ಪಿ.ಎಚ್.ಪಿ. ಹುಟ್ಟಿದ್ದೂ ಅದೇ ವರ್ಷ.

ನೆನಪಿಲ್ಲದ ಗುಮಾಸ್ತ

ಪುಟವನ್ನು ತೋರಿಸುವ ಬ್ರೌಸರು ಕೇಳುತ್ತದೆ, ದೂರದ ಸರ್ವರು ಹೇಳುತ್ತದೆ. ಈ ಕೇಳಿ-ಹೇಳುವ ಒಪ್ಪಂದಕ್ಕೆ ಎಚ್.ಟಿ.ಟಿ.ಪಿ. ಎಂದು ಹೆಸರು. ಕೇಳಿದ ಪುಟ ಸಿಗದಿದ್ದರೆ ಬರುವ 404 ಎಂಬ ಅಂಕಿ ಈ ಒಪ್ಪಂದದ್ದೇ ಮಾತು. ಒಪ್ಪಂದದ ಒಂದು ವಿಚಿತ್ರವೆಂದರೆ ಇದಕ್ಕೆ ನೆನಪಿಲ್ಲ. ಕಚೇರಿಯ ಗುಮಾಸ್ತರೊಬ್ಬರು ಒಂದು ಪ್ರಶ್ನೆಗೆ ಉತ್ತರಿಸಿ ತಲೆ ಎತ್ತುವಷ್ಟರಲ್ಲಿ ನಿಮ್ಮ ಮುಖವನ್ನೇ ಮರೆತರೆ ಹೇಗೆ? ಪ್ರತಿ ಸಲವೂ “ನೀವು ಯಾರು?” ಎಂದೇ ಕೇಳುತ್ತಾರೆ.

ಇದಕ್ಕೆ ಉಪಾಯ, ಮೊದಲ ಸಲ ಗುರುತು ಪರೀಕ್ಷಿಸಿ ಕೈಗೊಂದು ಬಿಲ್ಲೆ ಕೊಡುವುದು. ಮುಂದೆ ಬಂದಾಗಲೆಲ್ಲ ಬಿಲ್ಲೆ ತೋರಿಸಿದರೆ ಸಾಕು. ಈ ಬಿಲ್ಲೆಗೆ ಕುಕಿ ಎಂಬ ಹೆಸರಿದೆ. ಬಿಲ್ಲೆ ಕದ್ದವನು ನಿಮ್ಮ ಹೆಸರಿನಲ್ಲಿ ದರ ಹಾಕಬಲ್ಲ! ಆದ್ದರಿಂದ ದಾರಿಯಲ್ಲಿ ಯಾರೂ ಓದದಂತೆ ಮಾತನ್ನು ಗೂಢಲಿಪಿಗೆ ತಿರುಗಿಸಿ ಕಳಿಸುವುದು, ಕೆಲ ಹೊತ್ತಿನ ನಂತರ ಬಿಲ್ಲೆಯನ್ನು ರದ್ದುಮಾಡುವುದು ಇವೆಲ್ಲ ಪಠ್ಯದ ಭಾಗ.

ನಂಬುವ ಮುನ್ನ

ವರ್ತಕ ಕ್ವಿಂಟಲಿಗೆ 7,500 ಎಂದು ಹಾಕಬೇಕಾದ ಕಡೆ ಕೈತಪ್ಪಿ 75,000 ಎಂದು ಒತ್ತಿದ ಎನ್ನಿ. ಪುಟದಲ್ಲೇ ಇದನ್ನು ತಡೆದು “ದಯವಿಟ್ಟು ಮತ್ತೊಮ್ಮೆ ನೋಡಿ” ಎನ್ನಬಹುದು. ಆದರೆ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪು ಇಲ್ಲಿಯೇ: ಪುಟದಲ್ಲಿ ಪರೀಕ್ಷೆ ಇಟ್ಟೆವಲ್ಲ, ಸಾಕು ಎಂದುಕೊಳ್ಳುವುದು. ಪುಟ ಇರುವುದು ವರ್ತಕನ ಯಂತ್ರದಲ್ಲಿ. ಬಲ್ಲವನು ಪುಟವನ್ನು ಬದಿಗಿಟ್ಟು ಸರ್ವರಿಗೆ ನೇರವಾಗಿ ಸಂದೇಶ ಕಳಿಸಬಹುದು. ಆದ್ದರಿಂದ ಪ್ರತಿಯೊಂದನ್ನೂ ಸರ್ವರಿನಲ್ಲಿ ಮತ್ತೆ ಪರೀಕ್ಷಿಸಲೇಬೇಕು.

ಸಮಯವೂ ಹಾಗೆಯೇ. ಟೆಂಡರು ಮುಚ್ಚುವುದು ಯಾರ ಗಡಿಯಾರದಲ್ಲಿ? ವರ್ತಕನ ಗಡಿಯಾರವನ್ನು ನಂಬಿದರೆ ಅವನು ಹತ್ತು ನಿಮಿಷ ಹಿಂದಕ್ಕೆ ತಿರುಗಿಸಿಕೊಳ್ಳಬಹುದು. ಸರ್ವರಿನ ಗಡಿಯಾರವೊಂದೇ ಪ್ರಮಾಣ.

ಇನ್ನೊಂದು ಅಪಾಯ ಹೆಚ್ಚು ಸೂಕ್ಷ್ಮ. ದರಗಳೆಲ್ಲ ಡೇಟಾಬೇಸ್ ಎಂಬ ದತ್ತಸಂಚಯದಲ್ಲಿ ಕೋಷ್ಟಕಗಳಾಗಿ ಕುಳಿತಿರುತ್ತವೆ. 1970ರಲ್ಲಿ ಎಡ್ಗರ್ ಕಾಡ್ ಎಂಬ ವಿಜ್ಞಾನಿ ಈ ಕೋಷ್ಟಕ ಪದ್ಧತಿಗೆ ಗಣಿತದ ಅಡಿಪಾಯ ಹಾಕಿದರು. ಅದರೊಡನೆ ಮಾತಾಡಲು ಎಸ್.ಕ್ಯು.ಎಲ್. ಎಂಬ ಭಾಷೆಯಿದೆ. ಕಿಡಿಗೇಡಿಯೊಬ್ಬ ಹೆಸರಿನ ಖಾನೆಯಲ್ಲಿ ಹೆಸರಿಗೆ ಬದಲಾಗಿ ಆ ಭಾಷೆಯ ಆಜ್ಞೆಯ ತುಂಡನ್ನು ಬರೆದರೆ, ಎಚ್ಚರವಿಲ್ಲದ ಅನ್ವಯ ಅದನ್ನು ತನ್ನ ಆಜ್ಞೆಗೆ ಸೇರಿಸಿಕೊಂಡು ಪಾಲಿಸಿಬಿಡುತ್ತದೆ. ಎಲ್ಲರ ಗುಟ್ಟಿನ ದರಗಳೂ ಅವನ ತೆರೆಯ ಮೇಲೆ ಬರಬಹುದು. ಪರಿಹಾರ ಕಷ್ಟದ್ದಲ್ಲ: ಆಜ್ಞೆಯನ್ನು ಮೊದಲೇ ಸಿದ್ಧಪಡಿಸಿಟ್ಟು, ಬಳಕೆದಾರ ಬರೆದದ್ದನ್ನು ಅದರಲ್ಲಿ ಬರಿಯ ಮಾಹಿತಿಯಾಗಿ ಮಾತ್ರ ತುಂಬುವುದು. ಇಷ್ಟನ್ನು ಮಾಡದೆ ಬಿಟ್ಟದ್ದರಿಂದ ಜಗತ್ತಿನಲ್ಲಿ ಅದೆಷ್ಟೋ ದತ್ತಸಂಚಯಗಳು ಕೊಳ್ಳೆಹೋಗಿವೆ.

ಎರಡು ಸಲ ಒತ್ತಿದರೆ?

ಈಗ ಈ ಲೇಖನದ ತಲೆಬರಹಕ್ಕೆ ಬರೋಣ. ಹಳ್ಳಿಯ ಕಡೆ ಎಲ್ಲರಿಗೂ ಪರಿಚಯವಿರುವ ಸನ್ನಿವೇಶ ಇದು. ಗುಂಡಿ ಒತ್ತಿದಿರಿ, ಚಕ್ರ ತಿರುಗುತ್ತಿದೆ, ಸಿಗ್ನಲ್ ಹೋಯಿತು. ಕೆಲಸ ಆಯಿತೋ ಇಲ್ಲವೋ?

ಇಲ್ಲಿ ಎರಡು ಸಾಧ್ಯತೆಗಳಿವೆ. ನಿಮ್ಮ ಮಾತು ಸರ್ವರನ್ನು ಮುಟ್ಟಿಯೇ ಇರಲಿಕ್ಕಿಲ್ಲ. ಅಥವಾ ಮುಟ್ಟಿ, ದಾಖಲಾಗಿ, ‘ಆಯಿತು’ ಎಂಬ ಉತ್ತರ ಮಾತ್ರ ಮರಳುವ ದಾರಿಯಲ್ಲಿ ಕಳೆದಿರಬಹುದು. ನಿಮ್ಮ ಕಡೆಯಿಂದ ನೋಡಿದರೆ ಇವೆರಡಕ್ಕೂ ವ್ಯತ್ಯಾಸವೇ ಕಾಣದು. ಮತ್ತೆ ಒತ್ತಿದರೆ ಹಣ ಎರಡು ಸಲ ಕಡಿತವಾದೀತು. ಒತ್ತದಿದ್ದರೆ ಕೆಲಸವೇ ಆಗದೆ ಹೋದೀತು. ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ ಈ ಇಕ್ಕಟ್ಟಿಗೆ ಸಿಕ್ಕವರು ನಿಮ್ಮಲ್ಲೂ ಇರಬಹುದು.

ಒಳ್ಳೆಯ ಅನ್ವಯ ಇದನ್ನು ಹೀಗೆ ಬಿಡಿಸುತ್ತದೆ: ಅರ್ಜಿಯ ಪುಟ ತೆರೆದಾಗಲೇ ಅದಕ್ಕೊಂದು ವಿಶಿಷ್ಟ ಸಂಖ್ಯೆ ಕೊಡುತ್ತದೆ. ಅದೇ ಸಂಖ್ಯೆಯ ಅರ್ಜಿ ಎರಡನೆಯ ಸಲ ಬಂದರೆ “ಇದು ಆಗಲೇ ಬಂದಿದೆ, ಇಗೋ ಹಳೆಯ ಉತ್ತರ” ಎಂದು ಹೇಳುತ್ತದೆಯೇ ಹೊರತು ಹೊಸದಾಗಿ ದಾಖಲಿಸುವುದಿಲ್ಲ. ಆಗ ಹತ್ತು ಸಲ ಒತ್ತಿದರೂ ಫಲ ಒಂದೇ.

ಸರ್ವರಿನ ಒಳಗೂ ಇಂಥದೇ ಎಚ್ಚರ ಬೇಕು. ಲಾಟು ಮಾರಾಟವಾಯಿತೆಂದು ಬರೆಯುವುದು, ಕೊಂಡವರ ಲೆಕ್ಕಕ್ಕೆ ಮೊತ್ತ ಸೇರಿಸುವುದು, ರೈತನಿಗೆ ಬರಬೇಕಾದ್ದನ್ನು ನಮೂದಿಸುವುದು, ಈ ಮೂರರ ನಡುವೆ ಕರೆಂಟು ಹೋದರೆ? ಮೂರೂ ಆಗಬೇಕು, ಇಲ್ಲವೆ ಒಂದೂ ಆಗಬಾರದು. ಇಂಥ ಕಟ್ಟಿಗೆ ಟ್ರಾನ್ಸಾಕ್ಷನ್ ಎನ್ನುತ್ತಾರೆ.

‘ಚಿಂಚೋಳಿ’ಗೆ ಎಷ್ಟು ಜಾಗ?

ಪತ್ರದಲ್ಲಿ ಕನ್ನಡದ ಮಾತು ಬಂದಿತ್ತು. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥ ಕವಿರಾಜಮಾರ್ಗ ಒಂಬತ್ತನೆಯ ಶತಮಾನದಲ್ಲಿ ಅಲ್ಲಿನ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಆ ಕನ್ನಡ ಗಣಕದಲ್ಲಿ ಹೇಗೆ ಕೂಡುತ್ತದೆ?

ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಏರ್ಪಾಟಿನಲ್ಲಿ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿದ್ದಾರೆ. ಅಂತರಜಾಲದಲ್ಲಿ ಈ ಸಂಖ್ಯೆಗಳನ್ನು ಯು.ಟಿ.ಎಫ್.-8 ಎಂಬ ಕ್ರಮದಲ್ಲಿ ಬರೆಯುತ್ತಾರೆ. ಅದರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್, ಕನ್ನಡದ ಒಂದು ಚಿಹ್ನೆಗೆ 3 ಬೈಟ್. ‘ಚಿಂಚೋಳಿ’ ನಮ್ಮ ಕಣ್ಣಿಗೆ ಮೂರು ಅಕ್ಷರ. ಗಣಕಕ್ಕೆ ಅದು ಚ, ಗುಡಿಸು, ಸೊನ್ನೆ, ಚ, ಓತ್ವ, ಳ, ಗುಡಿಸು ಹೀಗೆ 7 ಚಿಹ್ನೆ; ಅಂದರೆ 21 ಬೈಟ್. ಇಂಗ್ಲಿಷಿನಲ್ಲಿ ಬರೆದರೆ 9 ಬೈಟ್ ಸಾಕು. ಊರಿನ ಹೆಸರಿಗೆ 20 ಬೈಟ್ ಧಾರಾಳವಾಯಿತೆಂದು ಯಾರಾದರೂ ಖಾನೆ ಕೊಯ್ದರೆ, ಇಂಗ್ಲಿಷಿನ ಚಿಂಚೋಳಿ ಹಾಯಾಗಿ ಕುಳಿತುಕೊಳ್ಳುತ್ತದೆ. ಕನ್ನಡದ ಚಿಂಚೋಳಿ ಕೊನೆಯ ಗುಡಿಸು ಮುರಿದು ‘ಚಿಂಚೋಳ’ ಆಗಿ, ಬಾಲದಲ್ಲಿ ಅರ್ಥವಿಲ್ಲದ ಗುರುತು ಹೊತ್ತು ನಿಲ್ಲುತ್ತದೆ.

ಇನ್ನೊಂದು ತೊಡಕು ಕಣ್ಣಿಗೆ ಕಾಣದ್ದು. ‘ಸೇ’ ಎಂಬಲ್ಲಿನ ಏತ್ವವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು. ಎತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ‘ಸೇಡಂ’ ಎಂದೇ ಕಾಣುತ್ತವೆ. ಗಣಕಕ್ಕೆ ಮಾತ್ರ ಅವು ಎರಡು ಬೇರೆ ಊರು. ಒಂದು ರೂಪದಲ್ಲಿ ದಾಖಲಿಸಿ ಇನ್ನೊಂದು ರೂಪದಲ್ಲಿ ಹುಡುಕಿದರೆ “ಮಾಹಿತಿ ಲಭ್ಯವಿಲ್ಲ” ಎಂಬ ಉತ್ತರ ಬರುತ್ತದೆ. ದಾಖಲಿಸುವ ಮುನ್ನ ಎಲ್ಲವನ್ನೂ ಒಂದೇ ರೂಪಕ್ಕೆ ತರುವುದು ಇದಕ್ಕೆ ಮದ್ದು.

ಇದು ಚಿಕ್ಕ ಮಾತಲ್ಲ. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿತು. ಪಹಣಿಯಲ್ಲೊಂದು ಹೆಸರು, ಬ್ಯಾಂಕಿನಲ್ಲೊಂದು, ಮಾರುಕಟ್ಟೆಯಲ್ಲೊಂದು ಹೆಸರಾದರೆ ಗಣಕ ಆ ಮೂವರನ್ನೂ ಬೇರೆ ಬೇರೆ ವ್ಯಕ್ತಿಗಳೆಂದೇ ತಿಳಿಯುತ್ತದೆ. ಕಚೇರಿಯಿಂದ ಕಚೇರಿಗೆ ಅಲೆಯುವವನು ರೈತ.

ಹಾಗಾದರೆ ಈ ವಿದ್ಯೆ ಯಾರಿಗೆ?

ಈಗ ಎರಡನೆಯ ಪ್ರಶ್ನೆ. ಮೇಲೆ ಹೇಳಿದ ತೊಡಕುಗಳನ್ನು ಇನ್ನೊಮ್ಮೆ ನೋಡಿ: ನಿಧಾನವಾದ ಕೊನೆಯ ಹಾದಿ, ನಡುವೆ ಹೋಗುವ ಸಿಗ್ನಲ್, ಕನ್ನಡದ ಹೆಸರು, ದರ ಬೇಡವೆನ್ನುವ ರೈತನ ಹಕ್ಕು. ಇವನ್ನು ಪುಸ್ತಕದಲ್ಲಿ ಓದಿ ತಿಳಿಯುವವರಿಗಿಂತ ಚಿಂಚೋಳಿಯ ಹುಡುಗಿಗೆ ಚೆನ್ನಾಗಿ ಗೊತ್ತು. ಅವಳಿಗೆ ಬೇಕಾದದ್ದು ಅವುಗಳನ್ನು ಬಿಡಿಸುವ ತಂತ್ರ. ಅದನ್ನು ಪಠ್ಯ ಕೊಡುತ್ತದೆ.

ಇಂಗ್ಲಿಷಿನ ಭಯ ನಿಜವಾದದ್ದು. ಪಠ್ಯಪುಸ್ತಕಗಳೂ ಪರೀಕ್ಷೆಯೂ ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಆದರೆ ಗಣಕ ಭಾಷೆಗಳ ಆಜ್ಞೆಯ ಪದಗಳು ಕೆಲವೇ ಹತ್ತು. ಅವುಗಳನ್ನು ಬಳಸುತ್ತ ಕಲಿಯಬಹುದು. ಖರ್ಚಿನ ಭಯಕ್ಕೂ ಅಷ್ಟು ಕಾರಣವಿಲ್ಲ. ಪೈಥಾನ್, ಪಿ.ಎಚ್.ಪಿ., ಜ್ಯಾಂಗೊ ಎಲ್ಲವೂ ಉಚಿತ. ಒಮ್ಮೆ ಅವನ್ನು ಇಳಿಸಿಕೊಂಡರೆ ಬ್ರೌಸರು, ಸರ್ವರು ಎರಡನ್ನೂ ಒಂದೇ ಗಣಕದಲ್ಲಿ ಇಟ್ಟುಕೊಂಡು ಅಂತರಜಾಲದ ಸಂಪರ್ಕವಿಲ್ಲದೆಯೂ ಅಭ್ಯಾಸ ಮಾಡಬಹುದು. ಸೀಟಿನ ವಿಷಯದಲ್ಲಿ, ಸಂವಿಧಾನದ 371(ಜೆ) ವಿಧಿ ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಶಿಕ್ಷಣದಲ್ಲೂ ಉದ್ಯೋಗದಲ್ಲೂ ಮೀಸಲಾತಿಗೆ ದಾರಿ ಮಾಡಿದೆ. ಅರ್ಜಿ ಹಾಕುವಾಗ ಅರ್ಹತಾ ಪ್ರಮಾಣಪತ್ರವನ್ನು ಮರೆಯಬೇಡಿ.

ಅಲ್ಲಿಯವರೆಗೆ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ನಿಮ್ಮ ಊರಿನ ಗ್ರಂಥಾಲಯವೋ ಹಾಲಿನ ಡೇರಿಯೋ, ಯಾವುದಾದರೊಂದು ವ್ಯವಹಾರವನ್ನು ಆರಿಸಿ. ಪುಟದ ಎಡಭಾಗದಲ್ಲಿ ಹೆಜ್ಜೆಗಳನ್ನು ಬರೆಯಿರಿ: ಯಾರು ಕೇಳುತ್ತಾರೆ, ಯಾರು ಹೇಳುತ್ತಾರೆ, ಏನು ದಾಖಲಾಗುತ್ತದೆ. ಬಲಭಾಗದಲ್ಲಿ ಪ್ರತಿ ಹೆಜ್ಜೆಯ ಎದುರಿಗೆ “ಇಲ್ಲಿ ಸಿಗ್ನಲ್ ಹೋದರೆ?”, “ತಪ್ಪು ಅಂಕಿ ಬಂದರೆ?”, “ಹೆಸರು ಕನ್ನಡದಲ್ಲಿದ್ದರೆ?” ಎಂದು ಬರೆದು ಉತ್ತರ ಯೋಚಿಸಿ. ಗಣಕಯಂತ್ರ ಮುಟ್ಟುವ ಮೊದಲೇ ಪಠ್ಯದ ಅರ್ಧ ಭಾಗವನ್ನು ನೀವು ಓದಿದಂತಾಯಿತು. ಬಲಭಾಗದಲ್ಲಿ ಉತ್ತರ ಹೊಳೆಯದ ಪ್ರಶ್ನೆಗಳು ಉಳಿದರೆ ನಮಗೆ ಬರೆದು ಕಳಿಸಿ. ಮುಂದಿನ ಮಾತುಕತೆಯಲ್ಲಿ ಅತಿಥಿಗಳ ಮುಂದಿಡೋಣ.